ಪಟದ ಅಂಚು, ಕತ್ತರಿಯ ಬಾಯಿ

ಮೊನ್ನೆ ಗುಬ್ಬಿಯಲ್ಲಿ ಬಂಧುಗಳ ಮನೆಯ ಮದುವೆಗೆ ಹೋಗಿದ್ದೆ. ಧಾರೆಯ ಮಂಟಪಕ್ಕೂ ಊಟದ ಮನೆಗೂ ನಡುವೆ, ಎಲ್ಲರೂ ಹಾದುಹೋಗಲೇಬೇಕಾದ ಮೂಲೆಯಲ್ಲಿ, ಹೂವಿನ ಪರದೆ ಕಟ್ಟಿ ಅದರ ಮುಂದೆ ಒಂದು ಕ್ಯಾಮೆರಾ ನಿಲ್ಲಿಸಿದ್ದರು. ಪಕ್ಕದ ಮೇಜಿನ ಮೇಲೆ ಹಳೆಯ ರೇಡಿಯೋ ಪೆಟ್ಟಿಗೆಯಷ್ಟು ದೊಡ್ಡದೊಂದು ಮುದ್ರಣ ಯಂತ್ರ. ಫೋಟೋ ಬೂತ್ ಎಂದು ಇದಕ್ಕೆ ಹೆಸರು. ನಿಂತವರ ನಾಲ್ಕು ಭಂಗಿಗಳನ್ನು ಕ್ಯಾಮೆರಾ ಒಂದರ ಹಿಂದೊಂದು ಹಿಡಿಯುತ್ತದೆ. ನಿಮಿಷದೊಳಗೆ ಎರಡಂಗುಲ ಅಗಲ, ಆರಂಗುಲ ಉದ್ದದ ಎರಡು ಪಟ್ಟಿಗಳು ಯಂತ್ರದ ಬಾಯಿಂದ ಹೊರಬೀಳುತ್ತವೆ. ಒಂದು ಬಂದವರ ಜೇಬಿಗೆ, ಇನ್ನೊಂದು ಮದುವೆ ಮನೆಯವರ ಪುಸ್ತಕಕ್ಕೆ.

ಮಕ್ಕಳೂ ಹುಡುಗಿಯರೂ ಸಾಲುಗಟ್ಟಿದ್ದರು. ಆ ಸಾಲಿಗೆ ಹೇಗೋ ಸೇರಿಕೊಂಡವರು ವರನ ಕಡೆಯ ಹಿರಿಯರೊಬ್ಬರು. ಎಂಬತ್ತು ದಾಟಿದವರು, ಕುಣಿಗಲ್ ಕಡೆಯ ಬೇಸಾಯಗಾರರು. ಮದುವೆಗೆಂದು ಬಿಳಿಯ ರುಮಾಲನ್ನು ಅಚ್ಚುಕಟ್ಟಾಗಿ ಸುತ್ತಿಕೊಂಡು ಬಂದಿದ್ದರು. ಮೊಮ್ಮಗಳು ಕೈಹಿಡಿದು ಕರೆತಂದು ಪರದೆಯ ಮುಂದೆ ನಿಲ್ಲಿಸಿದಳು. ಪಟ್ಟಿ ಹೊರಬಂದಾಗ ನೋಡಿದರೆ, ನಾಲ್ಕು ಚಿತ್ರಗಳಲ್ಲಿಯೂ ರುಮಾಲು ಹಣೆಯ ಮೇಲೆ ಎರಡು ಸುತ್ತು ಕಂಡು ಅಲ್ಲಿಗೇ ನಿಂತುಬಿಟ್ಟಿತ್ತು. ಮೇಲಿನದೆಲ್ಲ ಕಾಗದದ ಆಚೆಗೆ ಹೋಗಿತ್ತು.

"ತಲೆ ಉಳಿದಿದೆಯಲ್ಲ, ಅಷ್ಟು ಸಾಕು ಬಿಡಮ್ಮ" ಎಂದರು ಆತ. ಸುತ್ತ ಇದ್ದವರೆಲ್ಲ ನಕ್ಕರು. ಆದರೆ ಪಟ್ಟಿಯನ್ನು ಜೇಬಿಗೆ ಹಾಕಿಕೊಳ್ಳದೆ ಮೇಜಿನ ಮೇಲೆಯೇ ಬಿಟ್ಟು ಹೋದರು. ಅದನ್ನು ನೋಡಿದವರು ಇಬ್ಬರೇ: ನಾನು ಮತ್ತು ಯಂತ್ರದ ಹುಡುಗ. ಅವನು ಕೂಡಲೇ ಗಣಕದ ಮುಂದೆ ಕುಳಿತು ಚಿತ್ರದ ಚೌಕಟ್ಟುಗಳನ್ನು ಮೇಲೆ ಕೆಳಗೆ ಎಳೆಯತೊಡಗಿದ. ಅವನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕುಳಿತ ನನಗೆ ಎರಡನೆಯ ಪಂಕ್ತಿಯ ಊಟ ತಪ್ಪಿತು. ಚಿಕ್ಕ ಪಟಗಳನ್ನು ಒಂದೇ ಕಾಗದದಲ್ಲಿ ಹೇಗೆ ಕೂರಿಸಬೇಕು, ಎಷ್ಟು ಅಂತರ ಬಿಡಬೇಕು, ಯಾವುದನ್ನು ಕತ್ತರಿಸಬೇಕು ಎಂಬ ಆ ಹುಡುಗನ ತಾಪತ್ರಯಕ್ಕೆ ಈಗ ೧೭೦ ವರ್ಷಗಳ ಇತಿಹಾಸವಿದೆ.

ಅದನ್ನು ಪ್ಯಾರಿಸ್ಸಿನಿಂದ ಆರಂಭಿಸಬೇಕು. ಡಿಸ್ಡೇರಿ ಎಂಬ ಛಾಯಾಚಿತ್ರಗಾರ ೧೮೫೪ರ ನವೆಂಬರಿನಲ್ಲಿ ಒಂದು ಪೇಟೆಂಟು ಪಡೆದ. ಆವರೆಗೆ ಒಂದು ಗಾಜಿನ ಫಲಕಕ್ಕೆ ಒಂದು ಪಟ. ಶ್ರೀಮಂತರಿಗೆ ಮಾತ್ರ ಎಟಕುವ ಬೆಲೆ. ಒಂದೇ ಫಲಕದ ಮೇಲೆ ಹಲವು ಚಿಕ್ಕ ಪಟಗಳನ್ನು ಹಿಡಿದು, ಒಂದೇ ಹಾಳೆಗೆ ಮುದ್ರಿಸಿ, ಕತ್ತರಿಸಿ ರಟ್ಟಿಗೆ ಅಂಟಿಸಿದರೆ ಖರ್ಚು ಎಷ್ಟೋ ಪಾಲು ಇಳಿಯುತ್ತದೆ ಎಂಬುದು ಅವನ ಯುಕ್ತಿ. ನಾಲ್ಕು ಮಸೂರಗಳ ಕ್ಯಾಮೆರಾ, ಪಕ್ಕಕ್ಕೆ ಸರಿಯುವ ಫಲಕ. ಹೀಗೆ ಎಂಟು ಪಟಗಳು ಒಂದು ಫಲಕದಲ್ಲಿ ಕುಳಿತವು. ರಟ್ಟಿನ ಅಳತೆ ಸುಮಾರು ಎರಡೂವರೆ ಅಂಗುಲಕ್ಕೆ ನಾಲ್ಕಂಗುಲ, ಭೇಟಿಯ ಚೀಟಿಯಷ್ಟು. ಅದೇ ಹೆಸರಿನಿಂದ ಅದು ಯೂರೋಪಿನಲ್ಲೆಲ್ಲ ಹಬ್ಬಿತು. ಎರಡು ಪಟಗಳ ನಡುವಿನ ಅಂತರವೆಂಬುದು ಹುಟ್ಟಿದ್ದು ಹೀಗೆ, ಕಾಗದದ ಉಳಿತಾಯದ ಲೆಕ್ಕದಿಂದ. ಅಂತರ ಹೆಚ್ಚಿದಷ್ಟೂ ಕಾಗದ ಪೋಲು. ತೀರ ಕಡಿಮೆಯಾದರೆ ಕತ್ತರಿ ಪಕ್ಕದ ಪಟದ ಮೊಣಕೈಯನ್ನು ಕಚ್ಚುತ್ತದೆ.

ಆದರೂ ಡಿಸ್ಡೇರಿಯ ಕಾಲದಲ್ಲಿ ಮನುಷ್ಯನಿಗೆ ಅಷ್ಟಾಗಿ ತೊಂದರೆಯಾಗಲಿಲ್ಲ. ಆಗಿನ ಚಿಕ್ಕ ಪಟದಲ್ಲಿ ಸಾಮಾನ್ಯವಾಗಿ ಇಡೀ ಆಳು ನಿಂತಿರುತ್ತಿದ್ದ: ಟೋಪಿಯಿಂದ ಬೂಟಿನವರೆಗೆ, ಸುತ್ತ ಧಾರಾಳವಾದ ಗೋಡೆ, ಪಕ್ಕದಲ್ಲೊಂದು ಕಂಬ. ಅಂಚಿನಲ್ಲಿ ಒಂದು ಎಳೆ ಹೋದರೆ ಗೋಡೆ ಹೋಗುತ್ತಿತ್ತೇ ಹೊರತು ಆಳು ಹೋಗುತ್ತಿರಲಿಲ್ಲ.

ಅದೇ ೧೮೫೪ರ ಡಿಸೆಂಬರಿನಲ್ಲಿ ಕ್ಯಾಮೆರಾ ನಮ್ಮ ನೆರೆಗೂ ಬಂದಿತ್ತು ಎಂಬುದು ವಿಶೇಷ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ಲಿನೇಯಸ್ ಟ್ರೈಪ್ ಮೈಸೂರು ಸೀಮೆಯಲ್ಲಿ ಸಂಚರಿಸಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳಗಳ ಪಟಗಳನ್ನು ತೆಗೆದ. ಇಂದು ಬೆಂಗಳೂರಿನಿಂದ ಬೆಳಗೊಳದ ಕಡೆಗೆ ಹೋಗುವ ಹೆದ್ದಾರಿ ಕುಣಿಗಲ್ಲನ್ನು ಹಾದೇ ಹೋಗುತ್ತದೆ. ಗೊಮ್ಮಟನಂಥವನ ಪಟ ತೆಗೆಯುವವನಿಗೆ ಅಂಚಿನ ಚಿಂತೆ ಎಷ್ಟಿದ್ದೀತು ಎಂಬುದನ್ನು ಓದುಗರೇ ಊಹಿಸಬಹುದು.

ಜನಸಾಮಾನ್ಯರ ಪಟ ನಮ್ಮಲ್ಲಿ ಬಂದದ್ದು ನಿಧಾನವಾಗಿ, ಪೇಟೆಯ ಸ್ಟುಡಿಯೋಗಳ ಮೂಲಕ. ಹಳೆಯ ಸ್ಟುಡಿಯೋ ಪಟ ಯಾರ ಮನೆಯಲ್ಲಾದರೂ ಇದ್ದರೆ ಒಮ್ಮೆ ತೆಗೆದು ನೋಡಬೇಕು. ಹಿಂದೆ ಬಣ್ಣದ ಪರದೆ. ಅದರಲ್ಲಿ ಅರಮನೆಯ ಮೆಟ್ಟಿಲೋ ಉದ್ಯಾನವೋ. ಇದು ನಾಟಕದ ಪರದೆಯ ತಂಗಿಯೇ ಸರಿ. ಗುಬ್ಬಿಯ ನೆಲದಲ್ಲಿ ಈ ಮಾತು ಹೇಳಿದರೆ ಯಾರೂ ವಿವರಣೆ ಕೇಳಲಾರರು. ೧೮೮೪ರಲ್ಲಿ ಅಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ಬೆಳೆದು, 'ಕುರುಕ್ಷೇತ್ರ'ದಲ್ಲಿ ರಂಗದ ಮೇಲೆ ನಿಜವಾದ ಆನೆಗಳನ್ನೇ ತಂದಿತು. ಆನೆಯನ್ನು ತರುವವನು ಮೊದಲು ರಂಗದ ಬಾಯಿಯ ಎತ್ತರ ಅಳೆಯಬೇಕಲ್ಲವೆ? ಕಿರೀಟ ತೊಟ್ಟ ದುರ್ಯೋಧನನ ಪಟ ತೆಗೆಯುವವನದೂ ಅದೇ ಲೆಕ್ಕ. ಕಿರೀಟ ಕತ್ತರಿಸಿದ ದುರ್ಯೋಧನನ ಪಟವನ್ನು ಯಾವ ನಟನೂ ಹಣ ಕೊಟ್ಟು ಕೊಳ್ಳಲಾರ. ಊರಿನ ಗೌಡನ ರುಮಾಲಿಗೂ ಆಗ ಅದೇ ಮರ್ಯಾದೆ ಸಲ್ಲುತ್ತಿತ್ತು. ಸ್ಟುಡಿಯೋದವನು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ, ಮಸುಕು ಗಾಜಿನ ಮೇಲೆ ತಲೆಕೆಳಗಾಗಿ ಕಾಣುವ ರುಮಾಲಿಗೆ ಜಾಗ ಬಿಟ್ಟನೆಂದು ಖಚಿತ ಮಾಡಿಕೊಂಡೇ ಹೊರಗೆ ಬರುತ್ತಿದ್ದ.

ಈ ಧಾರಾಳತನ ಹೋದದ್ದು ಸರ್ಕಾರಗಳಿಗೆ ಮುಖ ಬೇಕಾದಾಗ. ೧೯೧೪ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಕಾರ್ಲ್ ಲೋಡಿ ಎಂಬ ಜರ್ಮನ್ ಗೂಢಚಾರ ಅಮೆರಿಕದವನೊಬ್ಬನ ಪಾಸ್‌ಪೋರ್ಟಿನಲ್ಲಿ ಬ್ರಿಟನ್ನಿಗೆ ನುಗ್ಗಿದ, ಅದರಲ್ಲಿ ಪಟವಿರಲಿಲ್ಲ. ಆ ನವೆಂಬರಿನಲ್ಲಿ ಅವನನ್ನು ಲಂಡನ್ನಿನ ಟವರಿನಲ್ಲಿ ಗುಂಡಿಟ್ಟು ಕೊಂದರು. ವರ್ಷ ಮುಗಿಯುವುದರೊಳಗೆ ಅಮೆರಿಕ ಪಾಸ್‌ಪೋರ್ಟಿಗೆ ಪಟ ಕಡ್ಡಾಯ ಮಾಡಿತು, ಬ್ರಿಟನ್ನೂ ಅದೇ ದಾರಿ ಹಿಡಿಯಿತು. ಮೊದಮೊದಲು ಅಳತೆಯ ಕಟ್ಟುನಿಟ್ಟು ಇರಲಿಲ್ಲ. ಟೋಪಿ ಹಾಕಿಕೊಂಡವರ, ತೋಟದಲ್ಲಿ ಕುಳಿತವರ ಪಟಗಳೂ ನಡೆದವು. ೧೯೨೦ರಲ್ಲಿ ರಾಷ್ಟ್ರಸಂಘದ ಸಮ್ಮೇಳನ ಪ್ಯಾರಿಸ್ಸಿನಲ್ಲಿ ಸೇರಿ ಪಾಸ್‌ಪೋರ್ಟಿನ ಪುಸ್ತಕಕ್ಕೆ ಒಂದು ಮಾದರಿ ಗೊತ್ತುಮಾಡಿತು. ಅಲ್ಲಿಂದಾಚೆಗೆ ಪಟ ಕುಗ್ಗುತ್ತ, ಮುಖ ಹಿಗ್ಗುತ್ತ ಬಂತು. ಕಾಲು ಹೋಯಿತು, ಕೈ ಹೋಯಿತು, ಎದೆ ಹೋಯಿತು.

ಇಷ್ಟು ಚಿಕ್ಕ ಮುಖವನ್ನು ತೆಗೆಯಲು ಮನುಷ್ಯನೇಕೆ ಬೇಕು ಎಂದು ಯೋಚಿಸಿದವನು ಸೈಬೀರಿಯದಿಂದ ಅಮೆರಿಕಕ್ಕೆ ಹೋದ ಅನಟೋಲ್ ಜೋಸೆಫೋ. ೧೯೨೫ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ಬೀದಿಯಲ್ಲಿ ಅವನು 'ಫೋಟೋಮ್ಯಾಟನ್' ಎಂಬ ಪೆಟ್ಟಿಗೆ ಇಟ್ಟ. ಇಪ್ಪತ್ತೈದು ಸೆಂಟು ಹಾಕಿದರೆ ಎಂಟು ನಿಮಿಷದಲ್ಲಿ ಎಂಟು ಪಟಗಳ ಪಟ್ಟಿ. ಮೊದಲ ಆರು ತಿಂಗಳಲ್ಲಿ ೨,೮೦,೦೦೦ ಜನ ಅದರ ಮುಂದೆ ಕುಳಿತರಂತೆ. ೧೯೨೭ರಲ್ಲಿ ಅದರ ಹಕ್ಕು ಹತ್ತು ಲಕ್ಷ ಡಾಲರಿಗೆ ಮಾರಾಟವಾಯಿತು. ಗುಬ್ಬಿಯ ಮದುವೆ ಮನೆಯ ಯಂತ್ರ ಇದರದೇ ಸಂತಾನ. ಆ ಬಗೆಯ ಪೆಟ್ಟಿಗೆಗಳಲ್ಲಿ ಕೂರಲು ತಿರುಪಿನ ಮಣೆಯೊಂದಿರುತ್ತಿತ್ತು. ಎತ್ತರದವನು ಅದನ್ನು ಇಳಿಸಬೇಕು, ಗಿಡ್ಡನೆಯವನು ಏರಿಸಬೇಕು. ಕ್ಯಾಮೆರಾ ಮಾತ್ರ ಅಲುಗದು. ಕಪ್ಪು ಬಟ್ಟೆಯೊಳಗಿಂದ ರುಮಾಲಿನ ಎತ್ತರ ನೋಡುತ್ತಿದ್ದ ಮನುಷ್ಯ ಆ ಪೆಟ್ಟಿಗೆಯಲ್ಲಿ ಇರಲಿಲ್ಲ.

ನಮ್ಮ ಕಡೆ ನಾಣ್ಯದ ಪೆಟ್ಟಿಗೆ ಬೇರೂರಲಿಲ್ಲ. ನಮ್ಮ ಪೆಟ್ಟಿಗೆಯೆಂದರೆ ಸ್ಟುಡಿಯೋ. ತುಮಕೂರಿನ ಪೇಟೆಯ ಯಾವ ಬೀದಿಯಲ್ಲಿ ನಡೆದರೂ ಒಂದಾದರೂ ಎದುರಾಗುತ್ತಿತ್ತು. ಸ್ವಾತಂತ್ರ್ಯ ಬಂದ ಮೇಲೆ ಶಾಲೆ, ಕಾಲೇಜು, ನೌಕರಿ, ಬಸ್ಸಿನ ಪಾಸು, ಎಲ್ಲದಕ್ಕೂ ಅರ್ಜಿ. ಅರ್ಜಿಯ ಬಲ ಮೂಲೆಯಲ್ಲೊಂದು ಖಾಲಿ ಚೌಕ. ಆ ಚೌಕ ತುಂಬಲು ಹಳ್ಳಿಯ ಹುಡುಗ ಬಸ್ಸು ಹತ್ತಿ ಜಿಲ್ಲೆಯ ಊರಿಗೆ ಬರುತ್ತಿದ್ದ. ಪಟದ ಕಾಗದವೋ ವಿದೇಶದಿಂದ ಬರಬೇಕು, ಆಮದಿಗೆ ನಿರ್ಬಂಧ. ಊಟಿಯಲ್ಲಿ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಸ್ಥಾಪನೆಯಾದದ್ದು ೧೯೬೦ರಲ್ಲಿ, ಉತ್ಪಾದನೆ ಆರಂಭವಾದದ್ದು ೧೯೬೭ರಲ್ಲಿ. ಹೀಗಿರಲಾಗಿ ಸ್ಟುಡಿಯೋದವನು ಕಾಗದದ ವಿಷಯದಲ್ಲಿ ಚಿನಿವಾರನಂತೆ ವರ್ತಿಸಿದ್ದರಲ್ಲಿ ಆಶ್ಚರ್ಯವೇನು? ಕೆಂಪು ದೀಪದ ಕೋಣೆಯಲ್ಲಿ ಕರಿಯ ಕಾಗದದ ಮುಸುಕು ಮುಚ್ಚಿ, ಒಂದೇ ಹಾಳೆಯನ್ನು ಅಷ್ಟಷ್ಟೇ ಸರಿಸುತ್ತ, ಅದೇ ಮುಖವನ್ನು ಮೂರು ಬಾರಿಯೋ ಆರು ಬಾರಿಯೋ ಮುದ್ರಿಸುತ್ತಿದ್ದ. ಸರಿಸುವ ಕೈ ಒಂದು ನೂಲು ತಪ್ಪಿದರೆ ಎರಡು ಮುಖಗಳು ಕಿವಿಗೆ ಕಿವಿ ತಾಗಿ ಕುಳಿತಿರುತ್ತಿದ್ದವು. ಯಾರ ಕಿವಿಯನ್ನು ಉಳಿಸುವುದು?

ಇಂದು ಪಾಸ್‌ಪೋರ್ಟಿನ ಪಟದ ಅಳತೆ ೩೫ ಮಿಲಿಮೀಟರಿಗೆ ೪೫. ಸ್ಟುಡಿಯೋದ ಹಾಳೆ ನಾಲ್ಕಂಗುಲಕ್ಕೆ ಆರಂಗುಲ, ಎಂದರೆ ೧೦೨ಕ್ಕೆ ೧೫೨. ಹಾಳೆಯನ್ನು ಅಡ್ಡಲಾಗಿ ಇಟ್ಟರೆ ನಾಲ್ಕರಂತೆ ಎರಡು ಸಾಲು, ಒಟ್ಟು ಎಂಟು. ಡಿಸ್ಡೇರಿಯ ಎಂಟೇ ಮತ್ತೆ ಬಂತು ನೋಡಿ. ನಾಲ್ಕು ಪಟಗಳಿಗೆ ೧೪೦ ಹೋಗಿ ಉದ್ದದಲ್ಲಿ ಉಳಿಯುವುದು ೧೨ ಮಿಲಿಮೀಟರು. ಇದನ್ನು ಎರಡು ಅಂಚಿಗೂ ಮೂರು ನಡುವಿನ ಅಂತರಗಳಿಗೂ ಸಮನಾಗಿ ಹಂಚಿದರೆ ತಲೆಗೆ ಎರಡೂಕಾಲು ಚಿಲ್ಲರೆ. ನ್ಯಾಯವಾಗಿಯೇ ಕಾಣುತ್ತದೆ. ಆದರೆ ಅಂಚಿಲ್ಲದೆ ಮುದ್ರಿಸುವ ಯಂತ್ರಗಳು ಚಿತ್ರವನ್ನು ಕಾಗದಕ್ಕಿಂತ ತುಸು ದೊಡ್ಡದು ಮಾಡಿಯೇ ಮುದ್ರಿಸುತ್ತವೆ. ಎಲ್ಲಿಯೂ ಬಿಳಿಯ ಎಳೆ ಕಾಣದಿರಲಿ ಎಂದು. ಪ್ರತಿ ಅಂಚಿನಲ್ಲೂ ಎರಡು ಮಿಲಿಮೀಟರಿನಷ್ಟು ಹೀಗೆ ಹೊರಗೆ ಚೆಲ್ಲಿಹೋಗುತ್ತದೆ. ಆದ್ದರಿಂದ ಸಮನಾಗಿ ಹಂಚಿದವನ ಹಾಳೆಯಲ್ಲಿ ಕೊನೆಯ ಪಟಗಳ ಭುಜ ಕಾಗದದ ತುದಿಗೇ ಬಂದು ನಿಂತಿರುತ್ತದೆ. ಅನುಭವವುಳ್ಳವನು ಹೊರಗೆ ನಾಲ್ಕೂವರೆ ನಾಲ್ಕೂವರೆ ಬಿಟ್ಟು, ಒಳಗಿನ ಮೂರಕ್ಕೆ ಒಂದೊಂದೇ ಕೊಡುತ್ತಾನೆ. ಹಿನ್ನೆಲೆ ಬಿಳಿಯದಾಗಿದ್ದರೆ ಪಟ ಎಲ್ಲಿ ಮುಗಿಯಿತು, ಅಂತರ ಎಲ್ಲಿ ಆರಂಭವಾಯಿತು ತಿಳಿಯದು. ಅದಕ್ಕೆ ಕೂದಲೆಳೆಯ ಬೂದು ಗೆರೆಯೊಂದನ್ನು ಸುತ್ತ ಎಳೆಯುತ್ತಾನೆ. ಕತ್ತರಿಗೆ ಅದೇ ದಾರಿ.

ಇಷ್ಟು ಅಂತರದ ಮಾತಾಯಿತು. ಕತ್ತರಿಸುವುದರ ಕಷ್ಟ ಬೇರೆ. ಸ್ಟುಡಿಯೋದ ಕ್ಯಾಮೆರಾ ಕೊಡುವ ಚಿತ್ರ ಸಾಮಾನ್ಯವಾಗಿ ಎರಡಕ್ಕೆ ಮೂರರ ಪ್ರಮಾಣದ್ದು. ೧೯೨೫ರಲ್ಲಿಯೇ, ಜೋಸೆಫೋನ ಪೆಟ್ಟಿಗೆ ತೆರೆದ ವರ್ಷವೇ, ಲೈಕಾ ಕ್ಯಾಮೆರಾ ಬಂದು ಆ ಪ್ರಮಾಣವನ್ನು ಜಗತ್ತಿಗೆಲ್ಲ ಹಬ್ಬಿಸಿತು. ಪಾಸ್‌ಪೋರ್ಟಿನದು ಏಳಕ್ಕೆ ಒಂಬತ್ತು. ೩೫ರ ಅಗಲಕ್ಕೆ ತಂದರೆ ಚಿತ್ರದ ಎತ್ತರ ಐವತ್ತೆರಡೂವರೆ ಬರುತ್ತದೆ, ಬೇಕಾದದ್ದು ೪೫. ಈ ಏಳೂವರೆ ಮಿಲಿಮೀಟರನ್ನು ಎಲ್ಲಿಂದ ತೆಗೆಯಬೇಕು? ಅವಸರದವನು ತೆಗೆಯುವುದೇ ಇಲ್ಲ; ಇಡೀ ಚಿತ್ರವನ್ನು ಒತ್ತಿ ೪೫ಕ್ಕೆ ಕೂರಿಸುತ್ತಾನೆ. ಮುಖ ಆರನೆಯ ಒಂದು ಪಾಲು ಅಗಲವಾಗುತ್ತದೆ. ಬಡಕಲು ವಿದ್ಯಾರ್ಥಿ ಪರೀಕ್ಷೆಯ ಪ್ರವೇಶಪತ್ರದಲ್ಲಿ ಪೈಲ್ವಾನನಾಗುತ್ತಾನೆ. ಕೆಳಗಿನಿಂದ ತೆಗೆದರೆ ನಮ್ಮ ಗುಬ್ಬಿ, ತುಮಕೂರುಗಳ ಕಡೆಯ ಹಿರಿಯರ ಎದೆಯ ಮೇಲಿನ ಬೆಳ್ಳಿಯ ಕರಡಿಗೆ ಹೋಯಿತು, ಹೆಂಗಸರ ತಾಳಿ ಹೋಯಿತು. ಮೇಲಿನಿಂದ ತೆಗೆದರೆ ರುಮಾಲು. ಪಾಸ್‌ಪೋರ್ಟಿನ ನಿಯಮವಂತೂ ಚಿತ್ರದಲ್ಲಿ ನೂರಕ್ಕೆ ೮೦ರಿಂದ ೮೫ ಪಾಲು ಮುಖವೇ ಇರಬೇಕೆನ್ನುತ್ತದೆ. ಧಾರ್ಮಿಕ ಕಾರಣದಿಂದ ತಲೆ ಮುಚ್ಚುವವರಿಗೆ ವಿನಾಯಿತಿಯುಂಟು. ಬೇಸಾಯಗಾರನ ರುಮಾಲು ಧರ್ಮಕ್ಕೆ ಸೇರಿದ್ದೋ ಬಿಸಿಲಿಗೆ ಸೇರಿದ್ದೋ ಅವನನ್ನು ಕೇಳಿದರೆ ಅವನಿಗೂ ತಿಳಿಯಲಾರದು.

ಕುಣಿಗಲ್ಲಿನ ಕುದುರೆ ಫಾರಂ ಹೈದರಾಲಿ, ಟಿಪ್ಪು ಸುಲ್ತಾನರ ಕಾಲದಿಂದ ಹೆಸರಾದದ್ದು. ಪಂದ್ಯದ ಕುದುರೆಯ ಪಟ ತೆಗೆಯುವ ಪದ್ಧತಿ ಜಗತ್ತಿನಲ್ಲೆಲ್ಲ ಒಂದೇ: ಪಕ್ಕಕ್ಕೆ ನಿಲ್ಲಿಸಬೇಕು, ನಾಲ್ಕು ಕಾಲೂ ಕಾಣಬೇಕು, ಕಿವಿಯಿಂದ ಬಾಲದವರೆಗೆ ಒಂದು ಕೂದಲೂ ಕಾಗದದ ಆಚೆ ಹೋಗಕೂಡದು. ಕುದುರೆಯನ್ನು ಕುತ್ತಿಗೆಗೆ ಕತ್ತರಿಸಿದ ಪಟ ನೋಡಿ ಯಾರೂ ಅದನ್ನು ಕೊಳ್ಳುವುದಿಲ್ಲ. ಅದಿರಲಿ.

ಅರ್ಜಿಯ ಮೂಲೆಯ ಪಟ ಅರ್ಜಿಯಲ್ಲಿಯೇ ಇದ್ದಿದ್ದರೆ ಇಷ್ಟೆಲ್ಲ ಹೇಳಬೇಕಾಗಿರಲಿಲ್ಲ. ೧೯೯೩ರಲ್ಲಿ ಮುಖ್ಯ ಚುನಾವಣಾ ಕಮಿಷನರ್ ಟಿ. ಎನ್. ಶೇಷನ್ ಅವರು ಮತದಾರರಿಗೆಲ್ಲ ಪಟವಿರುವ ಗುರುತಿನ ಚೀಟಿ ಕೊಡಬೇಕೆಂದು ಆದೇಶ ಹೊರಡಿಸಿದರು. ಅಲ್ಲಿಯವರೆಗೆ ಕ್ಯಾಮೆರಾದ ಮುಂದೆ ಒಮ್ಮೆಯೂ ಕೂರದಿದ್ದ ಮುದುಕ ಮುದುಕಿಯರು ಸಾಲಿನಲ್ಲಿ ಬಂದು ಕೂರಬೇಕಾಯಿತು. ೨೦೧೦ರಲ್ಲಿ ಆಧಾರ್ ಬಂದಾಗ ಕರ್ನಾಟಕದಲ್ಲಿ ಮೊದಲು ಆರಿಸಿಕೊಂಡ ಜಿಲ್ಲೆಗಳು ಎರಡು, ಮೈಸೂರು ಮತ್ತು ತುಮಕೂರು. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಎಷ್ಟೋ ಜನರಿಗೆ ಜೀವಮಾನದಲ್ಲಿ ಒಬ್ಬರೇ ಕುಳಿತು ತೆಗೆಸಿಕೊಂಡ ಪಟವೆಂದರೆ ಈ ಎರಡೇ. ಅವರು ತೀರಿಕೊಂಡ ಮೇಲೆ ಮಕ್ಕಳು ಆ ಚೀಟಿಯನ್ನೇ ಹಿಡಿದು ಸ್ಟುಡಿಯೋಗೆ ಬರುತ್ತಾರೆ, ತಿಥಿಗೆ ಗೋಡೆಯ ಪಟ ಮಾಡಿಕೊಡಿ ಎಂದು. ಉಗುರಿನಷ್ಟಗಲದ ಮುಖವನ್ನು ಮೊಳದಷ್ಟು ಎಳೆಯಬೇಕು. ಮುಖವನ್ನಾದರೂ ಎಳೆಯಬಹುದು, ಕತ್ತರಿಸಿ ಬಿಟ್ಟದ್ದನ್ನು ಎಲ್ಲಿಂದ ತರುವುದು?

ನನ್ನ ಸೋದರತ್ತೆಯೊಬ್ಬರು ಕುಣಿಗಲ್ ತಾಲೂಕಿನ ಹಳ್ಳಿಯಲ್ಲಿ ತೀರಿಕೊಂಡಾಗ ಆ ಕೆಲಸ ನನ್ನ ಪಾಲಿಗೆ ಬಂತು. ಮತದಾರರ ಚೀಟಿಯಲ್ಲಿ ಅತ್ತೆಯ ಹಣೆ ಅರ್ಧಕ್ಕೇ ನಿಂತಿತ್ತು. ಕಾಸಿನಗಲ ಇಡುತ್ತಿದ್ದ ಕುಂಕುಮದ ಮೇಲೆ ಬೆರಳಗಲವೂ ಜಾಗವಿರಲಿಲ್ಲ, ತಲೆಯ ಮೇಲೆ ಹೊದ್ದಿದ್ದ ಸೆರಗಂತೂ ಇಲ್ಲವೇ ಇಲ್ಲ. ಸೆರಗಿಲ್ಲದೆ ಆಕೆಯನ್ನು ನಾವು ಯಾರೂ ನೋಡಿದವರಲ್ಲ. ಪೆಟ್ಟಿಗೆಯೆಲ್ಲ ತಡಕಿದಾಗ ಒಂದು ಹಳೆಯ ಮದುವೆಯ ಗುಂಪಿನ ಪಟ ಸಿಕ್ಕಿತು. ಸಾಲಿನ ಕೊನೆಯಲ್ಲಿ ಅತ್ತೆ, ಬಲಗೈ ಕಾಗದದ ಆಚೆ ಹೋಗಿದೆ, ಆದರೆ ಸೆರಗು, ಕುಂಕುಮ, ಮುಖ ಎಲ್ಲ ಉಂಟು. ತುಮಕೂರಿನ ಒಂದು ಸ್ಟುಡಿಯೋದವರು ಅದರಿಂದ ಆಕೆಯನ್ನು ಬಿಡಿಸಿ ತೆಗೆದರು. ತೆಗೆದು ನೋಡಿದರೆ ಎಡ ಭುಜದ ಮೇಲೆ ಯಾರದೋ ಕೈ. ಬಳೆ ತೊಟ್ಟ ನಾಲ್ಕು ಬೆರಳಿನ ಕೈ. "ಅಳಿಸಿಬಿಡಲೇ ಸ್ವಾಮಿ?" ಎಂದರು ಸ್ಟುಡಿಯೋದವರು. ಪಕ್ಕದಲ್ಲಿ ನಿಂತಿದ್ದವರು ಯಾರೆಂದು ಮೂಲ ಪಟವನ್ನು ಹಿಡಿದು ಮನೆಮಂದಿಯನ್ನೆಲ್ಲ ಕೇಳಿದೆ. ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದರು. ಕೈಯನ್ನು ಅಳಿಸಲಿಲ್ಲ. ಅದು ಈಗಲೂ ಗೋಡೆಯ ಮೇಲೆ ಅತ್ತೆಯ ಭುಜ ಹಿಡಿದುಕೊಂಡೇ ಇದೆ.

ಗುಬ್ಬಿಯ ಹುಡುಗನ ಕಡೆಗೆ ಬರೋಣ. ಅವನ ಪಟ್ಟಿಯಲ್ಲಿ ತಪ್ಪು ಎರಡಿದ್ದವು. ಆರಂಗುಲದ ಒಂದೇ ಹಾಳೆಯಲ್ಲಿ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಮುದ್ರಿಸಿ ಯಂತ್ರವೇ ನಡುವೆ ಸೀಳುತ್ತದೆ. ನಡುವಿನ ಅಂತರವನ್ನು ಇಬ್ಬರೂ ಹಂಚಿಕೊಳ್ಳಬೇಕಾದ್ದರಿಂದ ಅದು ಹೊರಗೆ ಕಾಣುವ ಅಂಚಿನ ಎರಡರಷ್ಟಿರಬೇಕು. ಅವನು ತೀರ ಕಡಿಮೆ ಬಿಟ್ಟಿದ್ದ. ಒಂದು ಪಕ್ಕ ಅಗಲದ ಬಿಳಿ, ಇನ್ನೊಂದು ಪಕ್ಕ ಎಳೆಯಷ್ಟು ಬಿಳಿ ಬಂದದ್ದು ಅದರಿಂದ. ಇದು ಸುಲಭವಾಗಿ ಸರಿಹೋಯಿತು. ರುಮಾಲಿನ ಕಾರಣ ಹುಡುಕಲು ಹೊತ್ತು ಹಿಡಿಯಿತು. ವಧೂವರರ ಹೆಸರನ್ನು ಪಟ್ಟಿಯ ಕೆಳಗೆ ಬಂಗಾರದ ಅಕ್ಷರದಲ್ಲಿ ದೊಡ್ಡದಾಗಿ ಹಾಕಬೇಕೆಂದು ಮನೆಯವರ ಅಪ್ಪಣೆಯಾಗಿತ್ತು. ಅದಕ್ಕೆ ೪೦ ಮಿಲಿಮೀಟರು ಹೋಗಿ, ಉಳಿದುದರಲ್ಲಿ ನಾಲ್ಕು ಚಿತ್ರ ಕೂರಿಸಲು ಪ್ರತಿಯೊಂದರ ಎತ್ತರದಲ್ಲಿ ಐದನೆಯ ಒಂದು ಪಾಲು ಕತ್ತರಿಸಿದ್ದ. ಅರ್ಧ ಮೇಲೆ, ಅರ್ಧ ಕೆಳಗೆ. ಕುಳ್ಳ ಹುಡುಗಿಯರಿಗೆ ಏನೂ ಆಗಿರಲಿಲ್ಲ. ರುಮಾಲಿನವರು ಬರುವವರೆಗೂ ಯಾರಿಗೂ ಅದು ತಿಳಿದಿರಲಿಲ್ಲ.

"ಹೆಸರು ಚಿಕ್ಕದು ಮಾಡಿದರೆ ಬೈಯುತ್ತಾರೆ ಸಾರ್" ಎಂದ. ಸ್ವಲ್ಪ ಹೊತ್ತು ಪರದೆಯನ್ನೇ ನೋಡುತ್ತಿದ್ದು, ನಾಲ್ಕು ಚಿತ್ರಗಳನ್ನು ಮೂರು ಮಾಡಿದ. ಹೆಸರಿಗೂ ಜಾಗ ಉಳಿಯಿತು, ಚಿತ್ರಗಳೂ ತಮ್ಮ ಪೂರ್ಣ ಎತ್ತರಕ್ಕೆ ಎದ್ದು ನಿಂತವು. ಮೊದಲು ತೆಗೆದ ಚಿತ್ರಗಳು ಗಣಕದಲ್ಲಿ ಇಡಿಯಾಗಿಯೇ ಇದ್ದವು. ರುಮಾಲಿನ ಮೇಲೆ ಬೆರಳಗಲದ ಹೂವಿನ ಪರದೆಯೂ ಕಾಣುತ್ತಿತ್ತು. ಹೊಸ ಪಟ್ಟಿಗಳು ಹೊರಬಿದ್ದಾಗ ಹುಡುಗ ಒಂದನ್ನು ಪುಸ್ತಕಕ್ಕೆ ಅಂಟಿಸಿ, ಇನ್ನೊಂದನ್ನು ನನ್ನ ಕೈಗೆ ಕೊಟ್ಟ. ಹಿರಿಯರು ಮೂರನೆಯ ಪಂಕ್ತಿಯಲ್ಲಿ ಊಟಕ್ಕೆ ಕುಳಿತಿದ್ದರು. ಎಲೆಯ ಪಕ್ಕದಲ್ಲಿ ಇಟ್ಟೆ. ಬಲಗೈ ಎಂಜಲಾಗಿದ್ದರಿಂದ ಎಡಗೈಯಲ್ಲಿ ಎತ್ತಿಕೊಂಡು, ತೋಳು ನೀಡಿ ದೂರ ಹಿಡಿದು, ಬಹಳ ಹೊತ್ತು ನೋಡಿದರು. ಆಮೇಲೆ ಅಂಗಿಯ ಜೇಬಿಗೆ ಹಾಕಿಕೊಂಡು, ಬಡಿಸುವವನನ್ನು ಕರೆದು ಇನ್ನೊಂದು ಹೋಳಿಗೆ ಕೇಳಿದರು.